ಬೆಸೆದ ಆಟಗಳು, ಪೇರಿಸಿದ ಆಟಗಳು

ಎರಡು ಮೂರು ಪ್ರಕಾರಗಳು ಕೂಡಿದ ಒಳ್ಳೆಯ ವಿಡಿಯೋ ಗೇಮ್ ಯಾವುದು ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಪಟ್ಟಿ: ಇದರಲ್ಲಿ ಕಾದಾಟವಿದೆ, ಒಗಟು ಇದೆ, ಅಂಗಡಿ ನಡೆಸುವ ಕೆಲಸವೂ ಇದೆ. ಇಂಥ ಪಟ್ಟಿಯಿಂದ ಆಟದ ಗಾತ್ರ ತಿಳಿಯುತ್ತದೆ, ಗುಣ ತಿಳಿಯುವುದಿಲ್ಲ. ವಿಲ್ ರೈಟ್ ಅವರ ‘ಸ್ಪೋರ್’ 2008ರಲ್ಲಿ ಬಂದಾಗ ಅದರಲ್ಲಿ ಜೀವಕೋಶದಿಂದ ಅಂತರಿಕ್ಷದವರೆಗೆ ಐದು ಹಂತಗಳಿದ್ದವು; ಹೆಚ್ಚುಕಡಿಮೆ ಐದು ಬಗೆಯ ಆಟಗಳೇ. ಆದರೆ ಮೊದಲ ಹಂತವನ್ನು ಜಾಣತನದಿಂದ ಆಡಿದವರಿಗೂ ಹೇಗೋ ದಾಟಿ ಬಂದವರಿಗೂ ಕೊನೆಯ ಹಂತದಲ್ಲಿ ಕಾಣುವ ವ್ಯತ್ಯಾಸ ತೀರ ಕಡಿಮೆ. ಒಂದರ ಮೇಲೊಂದು ಪೇರಿಸಿಟ್ಟ ಐದು ತೆಳು ಆಟಗಳಾಗಿ ಅವು ಉಳಿದವು. ಆದ್ದರಿಂದ ಮಿಶ್ರ ಆಟವನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಭಾಗದಲ್ಲಿ ಮಾಡಿದ ನಿರ್ಧಾರಕ್ಕೆ ಇನ್ನೊಂದು ಭಾಗದಲ್ಲಿ ಬೆಲೆ ತೆರಬೇಕಾಗುತ್ತದೆಯೇ? ಈ ಅಳತೆಗೋಲಿನ ಎದುರು ಗಟ್ಟಿಯಾಗಿ ನಿಲ್ಲುವ ಪರಂಪರೆಯೊಂದಿದೆ. ‘ರೋಗ್’ ಎಂಬ ಹಳೆಯ ಆಟದ ನಿಯಮಗಳನ್ನು ಬೇರೆ ಬೇರೆ ಪ್ರಕಾರಗಳಿಗೆ ಬೆಸೆಯುತ್ತ ಬಂದ ಆಟಗಳ ಪರಂಪರೆ ಅದು.

‘ರೋಗ್’ ಹುಟ್ಟಿದ್ದು 1980ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಅವರ ಕೈಯಲ್ಲಿ; ಆಮೇಲೆ ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಜೊತೆಗೂಡಿದರು. ಅದರಲ್ಲಿ ಚಿತ್ರಗಳಿಲ್ಲ, ರಾಕ್ಷಸರೆಲ್ಲ ಇಂಗ್ಲಿಷ್ ವರ್ಣಮಾಲೆಯ ದೊಡ್ಡಕ್ಷರಗಳು. ನೆಲಮಾಳಿಗೆ ಪ್ರತಿ ಸಲವೂ ಹೊಸದಾಗಿ ರಚನೆಯಾಗುತ್ತದೆ. ಸತ್ತರೆ ಮತ್ತೆ ಮೊದಲಿನಿಂದ ಶುರು. ಈ ಎರಡು ನಿಯಮಗಳು ಜೊತೆಯಾದಾಗ ನಕ್ಷೆಯನ್ನು ಬಾಯಿಪಾಠ ಮಾಡಿ ಗೆಲ್ಲುವ ದಾರಿ ಮುಚ್ಚುತ್ತದೆ, ತಪ್ಪನ್ನು ಅಳಿಸಿ ಮತ್ತೆ ಆಡುವ ದಾರಿಯೂ ಮುಚ್ಚುತ್ತದೆ. ಕೈಯಲ್ಲಿರುವ ಒಂದು ತುತ್ತು ಆಹಾರಕ್ಕೂ ಲೆಕ್ಕ ಬರುವುದು ಹಾಗೆ. ಆದರೂ ಸುಮಾರು ಮೂವತ್ತು ವರ್ಷ ಈ ಬಗೆಯ ಆಟಗಳು ಚಿಕ್ಕ ಬಳಗವೊಂದರ ಆಚೆ ಹೆಚ್ಚು ಹೋಗಲಿಲ್ಲ. ಹೊಸಬರು ಕಲಿಯಬೇಕಾದ ಕೀಲಿಗಳೇ ಅಷ್ಟಿದ್ದವು.

ಡೆರೆಕ್ ಯು 2008ರ ಕೊನೆಯಲ್ಲಿ ಉಚಿತವಾಗಿ ಬಿಡುಗಡೆ ಮಾಡಿ, 2012ರಲ್ಲಿ ಹೊಸದಾಗಿ ರೂಪಿಸಿದ ‘ಸ್ಪೆಲಂಕಿ’ ಈ ನಿಯಮಗಳನ್ನು ಓಡುವ, ಜಿಗಿಯುವ ಪ್ಲಾಟ್‌ಫಾರ್ಮ್ ಆಟದೊಳಗೆ ತಂದಿತು. ಸರದಿಯ ಪ್ರಕಾರ ನಿಧಾನವಾಗಿ ನಡೆಯುವ ಕ್ರಮವನ್ನು ಅದು ಕೈಬಿಟ್ಟಿತು. ಪ್ಲಾಟ್‌ಫಾರ್ಮ್ ಆಟಗಳಲ್ಲಿ ಅದೇ ಹಂತವನ್ನು ನೂರು ಸಲ ಆಡಿ ಕೈ ಪಳಗಿಸಿಕೊಳ್ಳುವ ರೂಢಿಯನ್ನೂ ಕೈಬಿಟ್ಟಿತು. ಎರಡೂ ಕಡೆ ಏನನ್ನು ಬಿಟ್ಟರು ಎಂಬುದು ಏನನ್ನು ಸೇರಿಸಿದರು ಎಂಬುದರಷ್ಟೇ ಮುಖ್ಯ. ಆಟಗಾರರ ಕೈಯಲ್ಲಿ ಶುರುವಿಗೆ 4 ಜೀವ, 4 ಬಾಂಬು, 4 ಹಗ್ಗ. ಗುಹೆಯಲ್ಲಿ ಒಂದು ಚಿನ್ನದ ವಿಗ್ರಹ ಕಾಣುತ್ತದೆ. ಎತ್ತಿಕೊಂಡರೆ ಮೇಲಿನಿಂದ ದೊಡ್ಡ ಬಂಡೆ ಉರುಳುತ್ತದೆ. ಆ ಬಂಡೆ ಹೋಗುವ ದಾರಿಯಲ್ಲಿ ಅಂಗಡಿಯೊಂದಿದ್ದು ಅದರ ಗೋಡೆ ಒಡೆದರೆ ಅಂಗಡಿಯವನು ಬಂದೂಕು ಎತ್ತುತ್ತಾನೆ. ಮುಂದಿನ ಹಂತಗಳಲ್ಲೂ ಆ ಹಗೆ ಬಾಗಿಲ ಬಳಿ ಕಾದು ನಿಂತಿರುತ್ತದೆ. ಒಂದು ಜಿಗಿತದ ಎಡವಟ್ಟು ಇಡೀ ಪಯಣದ ಯೋಜನೆಯನ್ನು ತಲೆಕೆಳಗು ಮಾಡಬಲ್ಲದು. ಹಾಗೆಂದು ನಿಧಾನವಾಗಿ ಯೋಚಿಸುತ್ತ ಕೂರಲೂ ಆಗದು: ಒಂದೇ ಹಂತದಲ್ಲಿ ಎರಡೂವರೆ ನಿಮಿಷ ಕಳೆದರೆ ಗೋಡೆಗಳನ್ನು ಲೆಕ್ಕಿಸದ ಭೂತವೊಂದು ಬೆನ್ನಟ್ಟುತ್ತದೆ. ಇಲ್ಲಿ ಬೆರಳಿನ ಚುರುಕೂ ತಲೆಯ ಲೆಕ್ಕಾಚಾರವೂ ಒಂದನ್ನೊಂದು ಬಿಟ್ಟು ಇರಲಾರವು. ಈ ಪರಂಪರೆಯ ಅತ್ಯುತ್ತಮ ಕೃತಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಸುಗೆ ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಒಂದು ಆಟ ತಾನೇ ದಾರಿ ಮಾಡಿಕೊಟ್ಟಿದೆ. ವ್ಯಾಂಕೂವರ್‌ನ ಬ್ರೇಸ್ ಯುವರ್‌ಸೆಲ್ಫ್ ಗೇಮ್ಸ್ 2015ರಲ್ಲಿ ಪೂರ್ಣವಾಗಿ ಹೊರತಂದ ‘ಕ್ರಿಪ್ಟ್ ಆಫ್ ದಿ ನೆಕ್ರೋಡ್ಯಾನ್ಸರ್’ನಲ್ಲಿ ಪ್ರತಿ ಹೆಜ್ಜೆಯನ್ನೂ ಹಾಡಿನ ಬೀಟ್‌ಗೆ ಸರಿಯಾಗಿ ಇಡಬೇಕು. ಸಂಗೀತ ಡ್ಯಾನಿ ಬರನೋವ್‌ಸ್ಕಿ ಅವರದು. ಪ್ರತಿ ರಾಕ್ಷಸನ ನಡೆಗೂ ತನ್ನದೇ ಲಯವಿದೆ. ತಾಳ ತಪ್ಪಿದರೆ ಸಿಗುವ ಚಿನ್ನ ಕಡಿಮೆಯಾಗುತ್ತದೆ. ಚಿನ್ನ ಕಡಿಮೆಯಾದರೆ ಅಂಗಡಿಯಲ್ಲಿ ಒಳ್ಳೆಯ ಆಯುಧ ಕೊಳ್ಳಲಾಗದು. ಇದೇ ಆಟದಲ್ಲಿ ಬಾರ್ಡ್ ಎಂಬ ಪಾತ್ರವನ್ನು ಆರಿಸಿಕೊಂಡರೆ ತಾಳದ ಕಟ್ಟುಪಾಡು ಇರುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಯೋಚಿಸಿ ನಡೆಯಬಹುದು. ಆಗಲೂ ಆಟ ನಿಲ್ಲುತ್ತದೆ. ಚದುರಂಗದಂಥ ಅಚ್ಚುಕಟ್ಟು ಆಟವಾಗಿ ನಿಲ್ಲುತ್ತದೆ. ಆದರೆ ಮೂರು ರಾಕ್ಷಸರ ಮೂರು ನಡೆಗಳನ್ನು ಅರ್ಧ ಕ್ಷಣದಲ್ಲಿ ಓದಿ ಹೆಜ್ಜೆ ಇಡುವ ಆ ಉದ್ವೇಗ ಪೂರ್ತಿ ಮಾಯವಾಗುತ್ತದೆ. ಸಂಗೀತವು ಅಲಂಕಾರವಷ್ಟೇ ಆಗಿದ್ದರೆ ಅದನ್ನು ತೆಗೆದಾಗ ಇಷ್ಟು ನಷ್ಟವಾಗುತ್ತಿರಲಿಲ್ಲ.

ಸಿಯಾಟಲ್‌ನ ಮೆಗಾ ಕ್ರಿಟ್ ಸಂಸ್ಥೆಯ ‘ಸ್ಲೇ ದಿ ಸ್ಪೈರ್’ (2019) ಆರಿಸಿದ್ದು ಕಾರ್ಡುಗಳ ಲೋಕವನ್ನು. ಆಡುತ್ತಲೇ ತಮ್ಮ ಎಲೆಗಳ ಕಟ್ಟನ್ನು ಬೆಳೆಸಿಕೊಳ್ಳುವ ಬಗೆಯನ್ನು ಮೇಜಿನ ಮೇಲೆ ಜನಪ್ರಿಯಗೊಳಿಸಿದ್ದು 2008ರ ‘ಡೊಮಿನಿಯನ್’. ಅಲ್ಲಿ ಪಂದ್ಯ ಮುಗಿದರೆ ಎಲ್ಲವೂ ಮುಗಿಯಿತು. ‘ಸ್ಪೈರ್’ನಲ್ಲಿ ಒಂದು ಕಾಳಗದಲ್ಲಾದ ಗಾಯ ಮುಂದಿನ ಕಾಳಗಕ್ಕೂ ಬರುತ್ತದೆ. ದಾರಿಯಲ್ಲಿ ಸಿಗುವ ಬೆಂಕಿಯ ಪಕ್ಕ ಕೂತು ಗಾಯ ವಾಸಿಮಾಡಿಕೊಳ್ಳಬಹುದು, ಇಲ್ಲವೇ ಒಂದು ಎಲೆಯನ್ನು ಹದಗೊಳಿಸಬಹುದು. ಸಾಮಾನ್ಯವಾಗಿ ಎರಡೂ ಆಗದು. ಗೆದ್ದಾಗ ಮುಂದಿಡುವ ಮೂರು ಎಲೆಗಳಲ್ಲಿ ಒಂದನ್ನೂ ತೆಗೆದುಕೊಳ್ಳದೆ ಮುಂದೆ ಹೋಗುವುದೇ ಎಷ್ಟೋ ಸಲ ಸರಿಯಾದ ನಡೆ, ಏಕೆಂದರೆ ಕಟ್ಟು ದಪ್ಪವಾದಷ್ಟೂ ಬೇಕಾದ ಎಲೆ ಕೈಗೆ ಬರುವುದು ತಡವಾಗುತ್ತದೆ. 2024ರ ‘ಬಲಾಟ್ರೋ’ ಇದೇ ದಾರಿಯಲ್ಲಿ ಪೋಕರ್‌ನ ಇಸ್ಪೀಟು ಎಲೆಗಳನ್ನು ಹಿಡಿಯಿತು. ಲೋಕಲ್‌ಥಂಕ್ ಎಂಬ ಹೆಸರಿನಲ್ಲಿ ಕೆನಡಾದ ಒಬ್ಬರೇ ರೂಪಿಸಿದ ಈ ಆಟದಲ್ಲಿ ಜೋಕರ್‌ಗಳು ಅಂಕ ಎಣಿಸುವ ನಿಯಮವನ್ನೇ ಬದಲಿಸುತ್ತವೆ, ಮತ್ತು ಶುರುವಿಗೆ ಐದಕ್ಕಿಂತ ಹೆಚ್ಚು ಜೋಕರ್ ಇಟ್ಟುಕೊಳ್ಳಲು ಜಾಗವಿಲ್ಲ.

ಇದನ್ನೆಲ್ಲ ಒಂದೇ ಪರಂಪರೆ ಎನ್ನುವುದಕ್ಕೆ ಆಕ್ಷೇಪವಿದೆ. ‘ಸ್ಪೆಲಂಕಿ’ ಬಂದ 2008ರಲ್ಲೇ ಬರ್ಲಿನ್‌ನಲ್ಲಿ ಸೇರಿದ್ದ ಸಮ್ಮೇಳನವೊಂದು ರೋಗ್‌ಲೈಕ್ ಆಟದ ಲಕ್ಷಣಗಳನ್ನು ಪಟ್ಟಿಮಾಡಿತು. ಸರದಿಯ ನಡೆ, ಚೌಕಗಳ ನೆಲ ಅದರಲ್ಲಿದ್ದವು. ಆ ಪಟ್ಟಿಯ ಪ್ರಕಾರ ನಾನು ಹೆಸರಿಸಿದ ಹೆಚ್ಚಿನವು ಹೊರಗಿನವು. ಹಳೆಯ ರೂಪದ ಮೇಲೆ ಪ್ರೀತಿಯಿಟ್ಟವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ವಂಶವನ್ನು ಗುರುತಿಸಲು ಮುಖಲಕ್ಷಣಕ್ಕಿಂತ ಆಟಗಾರರ ಮೇಲೆ ಬೀಳುವ ಹೊಣೆಯನ್ನು ನೋಡುವುದು ಹೆಚ್ಚು ಸರಿ, ಮತ್ತು ಆ ಹೊಣೆ ‘ಸ್ಪೆಲಂಕಿ’ಯಲ್ಲಿ ‘ರೋಗ್’ನಷ್ಟೇ ಭಾರವಾಗಿದೆ. ಇದಕ್ಕಿಂತ ಗಂಭೀರ ಆರೋಪ ಇನ್ನೊಂದು: ಈಗ ಇದೊಂದು ಸಿದ್ಧ ಅಚ್ಚಾಗಿದೆ, ಯಾವ ಆಟಕ್ಕಾದರೂ ಹಚ್ಚಬಹುದಾದ ಬಣ್ಣವಾಗಿದೆ. ಇದರಲ್ಲಿ ಸತ್ಯವಿದೆ. 2013ರ ‘ರೋಗ್ ಲೆಗಸಿ’ಯಲ್ಲಿ ಸತ್ತವರ ಚಿನ್ನದಿಂದ ವಾರಸುದಾರರ ಬಲವನ್ನು ಶಾಶ್ವತವಾಗಿ ಹೆಚ್ಚಿಸಬಹುದು. ಆ ಆಟ ಜಾಣತನದ್ದೇ. ಅದನ್ನು ಅನುಸರಿಸಿ ಬಂದ ಅನೇಕ ಆಟಗಳಲ್ಲಿ ಮಾತ್ರ ಗೆದ್ದಾಗ ಆಡುವವರು ಕಲಿತು ಗೆದ್ದರೋ, ಪಾತ್ರ ಬಲಿತು ಗೆದ್ದಿತೋ ಹೇಳಲಾಗದು. ಗಂಟೆಗಟ್ಟಲೆ ಆಡಿದರೆ ಸಾಕು ಎಂದಾದಾಗ ಬೆಸುಗೆ ಸಡಿಲವಾಗುತ್ತದೆ. ಸೂಪರ್‌ಜೈಂಟ್‌ನ ‘ಹೇಡೀಸ್’ (2020) ಇಲ್ಲಿ ಗಡಿಯ ಮೇಲಿದೆ. ಅದರಲ್ಲೂ ಶಾಶ್ವತ ಬಲ ಸಿಗುತ್ತದೆ, ಆದರೆ ಪ್ರತಿ ಸಾವೂ ನಾಯಕನನ್ನು ಮನೆಗೆ ಮರಳಿಸಿ, ಅಲ್ಲಿನವರ ಮಾತಿನಲ್ಲಿ ಕಥೆಯನ್ನು ಮುಂದೆ ಸರಿಸುತ್ತದೆ. ಸೋಲನ್ನೇ ಕಥನದ ಹೆಜ್ಜೆಯಾಗಿಸಿದ ಆ ಯುಕ್ತಿಗೆ ನಾನು ಉಳಿದ ದೌರ್ಬಲ್ಯವನ್ನು ಮನ್ನಿಸುತ್ತೇನೆ.

ಎಲ್ಲವೂ ಇಷ್ಟು ಬಿಗಿಯಾಗಿರಬೇಕೇ, ಬರೀ ವೈವಿಧ್ಯವೂ ಒಂದು ಸುಖವಲ್ಲವೇ ಎಂದು ಕೇಳಬಹುದು. ಕೊರಿಯಾದ ‘ಡೇವ್ ದಿ ಡೈವರ್’ (2023) ಅಂಥವರ ಅಚ್ಚುಮೆಚ್ಚು. ಹಗಲು ಕಡಲಿಗಿಳಿದು ಮೀನು ಹಿಡಿಯುವುದು, ರಾತ್ರಿ ಸುಶಿ ಹೋಟೆಲಿನಲ್ಲಿ ಬಡಿಸುವುದು. ಗಮನಿಸಿ ನೋಡಿದರೆ ಈ ಆಟದ ಬಲವೂ ಬೆಸುಗೆಯಲ್ಲೇ ಇದೆ: ನೀರಿನಲ್ಲಿ ಆಮ್ಲಜನಕ ಮುಗಿದರೆ ಹಿಡಿದದ್ದರಲ್ಲಿ ಒಂದೇ ವಸ್ತು ಉಳಿಯುತ್ತದೆ, ಆ ರಾತ್ರಿಯ ಊಟದ ಪಟ್ಟಿ ಬಡವಾಗುತ್ತದೆ. ಕಡಲ್ಗುದುರೆ ಓಟದಂಥ ಆಮೇಲಿನ ಸೇರ್ಪಡೆಗಳಿಗೆ ಈ ನಂಟಿಲ್ಲ. ಆಟ ಜೋಲುವುದೂ ಅಲ್ಲಿಯೇ.

ಹಾಗಾಗಿ ಶಿಫಾರಸು ಕೇಳುವವರ ಕೈಗೆ ನಾನು ಮೊದಲು ಕೊಡುವುದು ‘ಸ್ಲೇ ದಿ ಸ್ಪೈರ್’. ಶತ್ರುವಿನ ಮುಂದಿನ ನಡೆಯನ್ನು ಅದು ಮೊದಲೇ ತೋರಿಸುವುದರಿಂದ ಸೋಲಿನ ಕಾರಣ ಹೊಸಬರಿಗೂ ಕಾಣುತ್ತದೆ, ಫೋನಿನಲ್ಲೂ ಆಡಬಹುದು. ಇಸ್ಪೀಟು ಬಲ್ಲವರಿಗೆ ‘ಬಲಾಟ್ರೋ’ ಇನ್ನೂ ಹತ್ತಿರ. ಕಥೆ ಬೇಕೆನ್ನುವವರಿಗೆ ‘ಹೇಡೀಸ್’. ಕಾದಾಟ ಕಷ್ಟವೆನಿಸಿದರೆ ಅದರ ಗಾಡ್ ಮೋಡ್ ಬಳಸಲು ಹಿಂಜರಿಯಬಾರದು, ಸತ್ತ ಹಾಗೆಲ್ಲ ಅದು ಪೆಟ್ಟಿನ ತೀವ್ರತೆಯನ್ನು ಶೇ. 2ರಷ್ಟು ತಗ್ಗಿಸುತ್ತ ಹೋಗುತ್ತದೆ. ‘ಸ್ಪೆಲಂಕಿ’ಗೆ ತಿಂಗಳುಗಳ ತಾಳ್ಮೆ ಬೇಕು, ಅಷ್ಟು ಇರುವವರಿಗೆ ಮಾತ್ರ ಅದನ್ನು ಹೇಳುತ್ತೇನೆ. ‘ನೆಕ್ರೋಡ್ಯಾನ್ಸರ್’ ಆಡಹೊರಟವರು ಬಾರ್ಡ್ ಪಾತ್ರದಲ್ಲಿ ರಾಕ್ಷಸರ ನಡೆಗಳನ್ನು ಬಿಡುವಾಗಿ ಕಲಿತುಕೊಂಡು, ನಂತರ ನಾಯಕಿ ಕೇಡೆನ್ಸ್ ಆಗಿ ತಾಳಕ್ಕೆ ಇಳಿಯಲಿ.