ರಂಗದ ಕಂಠ, ಕಚೇರಿಯ ವಿದ್ಯೆ: ಹೊನ್ನಪ್ಪ ಭಾಗವತರ ಗಾಯನ ಮತ್ತು ಗುಬ್ಬಿ ಪರಂಪರೆ

ಕರ್ನಾಟಕದ ಶಾಸ್ತ್ರೀಯ ಸಂಗೀತದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅರಮನೆ, ಗುರುಕುಲ, ಘರಾನೆ ಮತ್ತು ಸಭೆ ಎಂಬ ನಾಲ್ಕು ನೆಲೆಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಐದನೆಯ ನೆಲೆಯೊಂದಿದೆ, ಅದು ವೃತ್ತಿ ನಾಟಕ ಕಂಪನಿಯ ಡೇರೆ. ರಂಗಭೂಮಿಯ ಚರಿತ್ರೆಕಾರರು ಇದನ್ನು ಸಂಗೀತಕ್ಕೆ ಸೇರಿದ್ದೆಂದು ಬಿಟ್ಟರು. ಸಂಗೀತದ ಚರಿತ್ರೆಕಾರರು ನಾಟಕಕ್ಕೆ ಸೇರಿದ್ದೆಂದು ಬಿಟ್ಟರು. ಹೀಗೆ ಎರಡೂ ಕಡೆ ಅರ್ಧ ಸ್ಥಾನ ಪಡೆದ ಗಾಯಕರಲ್ಲಿ ಹೊನ್ನಪ್ಪ ಭಾಗವತರು (1915–1992) ಪ್ರಮುಖರು. ಅವರ ಗಾಯನವನ್ನು ಗುಬ್ಬಿ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸಿ, ಅವರನ್ನು ಶಾಸ್ತ್ರೀಯ ಗಾಯಕರೆಂದು ಯಾವ ಅರ್ಥದಲ್ಲಿ ಕರೆಯಬಹುದು ಎಂಬುದನ್ನು ನಿಷ್ಕರ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭಾಗವತರು ಹುಟ್ಟಿದ್ದು ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ. ಆಡಳಿತದ ದೃಷ್ಟಿಯಿಂದ ಇದು ಬೆಂಗಳೂರಿನ ಸೀಮೆ; ಆದರೆ ತುಮಕೂರು ಹಾಗೂ ಕುಣಿಗಲ್ಲಿಗೆ ಹೊಂದಿಕೊಂಡ ಈ ಭಾಗದ ನುಡಿ, ಜಾತ್ರೆ, ಹಾಡುಗಾರಿಕೆಗಳು ಆ ಕಡೆಗೇ ಹತ್ತಿರ. ಕುಣಿಗಲ್ ಕೆರೆಯ ಸೊಬಗನ್ನು ಬಣ್ಣಿಸುವ ಜನಪದ ಗೀತೆ ನಾಡಿನ ಉದ್ದಗಲಕ್ಕೂ ಹರಡಿದೆ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಯಡಿಯೂರು ಇದೇ ತಾಲ್ಲೂಕಿನದು. ಗುಬ್ಬಿಯ ಚನ್ನಬಸವೇಶ್ವರನ ಹೆಸರನ್ನೇ ಹೊತ್ತು 1884ರಲ್ಲಿ ಹುಟ್ಟಿದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಕಂಪನಿಯನ್ನು ದಕ್ಷಿಣ ಭಾರತಕ್ಕೆಲ್ಲ ಪರಿಚಿತವಾದ ಸಂಸ್ಥೆಯಾಗಿ ಬೆಳೆಸಿದರು. ಕರ್ನಾಟಕ ಸಂಗೀತದ ಶಿಕ್ಷಣ ಪಡೆದಿದ್ದ ಹೊನ್ನಪ್ಪನವರು ಪ್ರವೇಶಿಸಿದ್ದು ಈ ಸಂಸ್ಥೆಯನ್ನು.

ಕಂಪನಿ ನಾಟಕದ ಸಂಗೀತವು ಮಿಶ್ರ ಸ್ವರೂಪದ್ದು. ಕಂದ, ವೃತ್ತಗಳನ್ನು ತಾಳದ ಕಟ್ಟಿಲ್ಲದೆ ರಾಗದಲ್ಲಿ ಹಾಡುವ ಕ್ರಮ ಒಂದು ಕಡೆ. ಪಾರಸಿ ಮತ್ತು ಮರಾಠಿ ರಂಗಭೂಮಿಯಿಂದ ಬಂದ ಹಿಂದೂಸ್ತಾನಿ ಮಟ್ಟುಗಳು ಇನ್ನೊಂದು ಕಡೆ. ಇವೆರಡರ ನಡುವೆ ಕೀರ್ತನೆಯ ಧಾಟಿಯ ರಂಗಗೀತೆಗಳು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗಾಯಕನಟನು ಏರು ಶ್ರುತಿಯಲ್ಲಿ ಹಾಡಬೇಕಿತ್ತು. ಡೇರೆಯ ಕೊನೆಯ ಸಾಲಿನ ಪ್ರೇಕ್ಷಕನಿಗೂ ಸಾಹಿತ್ಯ ಸ್ಪಷ್ಟವಾಗಬೇಕಿತ್ತು. ಕಚೇರಿಯಲ್ಲಿ ವಿಸ್ತಾರವಾಗಿ ಬೆಳೆಯುವ ಆಲಾಪನೆ ಇಲ್ಲಿ ಪಾತ್ರದ ಒಂದು ನಿಟ್ಟುಸಿರಿನ ಅವಧಿಗೆ ಇಳಿಯುತ್ತಿತ್ತು. ರಾಗದ ಮುಖ್ಯ ಸಂಚಾರವನ್ನು ಒಂದೆರಡು ಎಳೆಗಳಲ್ಲಿ ತೋರಿಸಿ ಮಾತಿಗೆ ಮರಳುವ ಈ ಸಂಕ್ಷೇಪವು ವಿದ್ಯೆಯ ಕೊರತೆಯಲ್ಲ, ವಿದ್ಯೆಯ ಇನ್ನೊಂದು ಶಿಸ್ತು.

ಈ ಶಿಸ್ತಿಗೆ ಮಿತಿಗಳೂ ಇದ್ದವು. 'ವನ್ಸ್ ಮೋರ್' ಕೂಗಿಗೆ ಮಣಿದು ದೃಶ್ಯವನ್ನು ನಿಲ್ಲಿಸಿ ಹಾಡುವ ರೂಢಿಯಿಂದ ನಾಟಕದ ಓಟ ಕೆಡುತ್ತಿತ್ತು. ಹವ್ಯಾಸಿ ರಂಗಭೂಮಿಯ ವಿಮರ್ಶಕರ ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಾಡು ಹೆಚ್ಚಾಯಿತೆಂಬ ನಾಟಕ ವಿಮರ್ಶೆಯಿಂದ ಹಾಡಿದವನ ವಿದ್ಯೆ ಕಡಿಮೆಯೆಂಬ ಸಂಗೀತ ನಿರ್ಣಯ ಹುಟ್ಟಬೇಕಾಗಿಲ್ಲ.

ಇಲ್ಲಿ ಮಲ್ಲಿಕಾರ್ಜುನ ಮನ್ಸೂರರೊಂದಿಗಿನ ಹೋಲಿಕೆ ಉಪಯುಕ್ತ. ಮನ್ಸೂರರೂ ನಾಟಕ ಕಂಪನಿಯಿಂದಲೇ ಬಂದವರು. ಇಬ್ಬರೂ ತೀರಿಕೊಂಡದ್ದು 1992ರಲ್ಲಿಯೇ. ಮನ್ಸೂರರು ರಂಗವನ್ನು ಬಿಟ್ಟು ಜೈಪುರ-ಅತ್ರೌಲಿ ಘರಾನೆಯ ಸಾಧನೆಗೆ ತೊಡಗಿದರು. ಭಾಗವತರು ರಂಗದಲ್ಲಿಯೂ ಅದರಿಂದ ಹುಟ್ಟಿದ ಚಲನಚಿತ್ರದಲ್ಲಿಯೂ ಉಳಿದರು. ಸಾಧನೆಯ ಎತ್ತರದಲ್ಲಿ ಇಬ್ಬರನ್ನೂ ಸರಿದೂಗಿಸುವುದು ಇಲ್ಲಿನ ಆಶಯವಲ್ಲ. ಮನ್ಸೂರರ ಜೀವನಚರಿತ್ರೆಯಲ್ಲಿ ನಾಟಕ ಒಂದು ಮೆಟ್ಟಿಲಾಗಿ ಗೌರವ ಪಡೆಯುತ್ತದೆ. ಭಾಗವತರ ವಿಷಯದಲ್ಲಿ ಅದೇ ನಾಟಕ ಅವರನ್ನು ಸಂಗೀತದ ಇತಿಹಾಸದಿಂದ ಹೊರಗಿಡುವ ಕಾರಣವಾಗುತ್ತದೆ. ಈ ಇಬ್ಬಗೆಯ ಅಳತೆಯನ್ನು ಮರುಪರಿಶೀಲಿಸಬೇಕಾಗಿದೆ.

1941ರ 'ಸುಭದ್ರಾ' ಚಿತ್ರದಲ್ಲಿ ಭಾಗವತರು ಬಿ. ಜಯಮ್ಮನವರೊಂದಿಗೆ ನಟಿಸಿದರು. ಮುಂದಿನ ವರ್ಷಗಳಲ್ಲಿ ತಮಿಳು ಚಿತ್ರರಂಗ ಅವರನ್ನು ಗಾಯಕನಟರನ್ನಾಗಿ ಬರಮಾಡಿಕೊಂಡಿತು. 1944ರ ಕೊನೆಯಲ್ಲಿ ಎಂ.ಕೆ. ತ್ಯಾಗರಾಜ ಭಾಗವತರ್ ಕೊಲೆ ಪ್ರಕರಣವೊಂದರಲ್ಲಿ ಬಂಧಿತರಾದ ಮೇಲೆ, 1946ರ 'ಶ್ರೀ ಮುರುಗನ್' ಚಿತ್ರದ ನಾಯಕ ಪಾತ್ರ ಹೊನ್ನಪ್ಪನವರಿಗೆ ಬಂದಿತು. ತಮಿಳುನಾಡಿನ ಶ್ರೋತೃಗಳು ತಮ್ಮ ಮೆಚ್ಚಿನ ಗಾಯಕನಟನ ಸ್ಥಾನದಲ್ಲಿ ಕನ್ನಡದ ಗಾಯಕನೊಬ್ಬನನ್ನು ಕೇಳಿದರೆಂಬುದು ಅವರ ಶಾಸ್ತ್ರೀಯ ತಳಹದಿಗೆ ಸಾಕ್ಷಿ. 1955ರಲ್ಲಿ ಅವರೇ ನಿರ್ಮಿಸಿ ನಟಿಸಿದ 'ಮಹಾಕವಿ ಕಾಳಿದಾಸ' ರಾಷ್ಟ್ರೀಯ ಚಲನಚಿತ್ರ ಪುರಸ್ಕಾರಗಳಲ್ಲಿ ಮನ್ನಣೆ ಗಳಿಸಿತು, ಬಿ. ಸರೋಜಾದೇವಿಯವರು ಚಿತ್ರರಂಗಕ್ಕೆ ಬಂದದ್ದೂ ಅದರಿಂದಲೇ. ಅಕ್ಷರವರಿಯದ ಮುಗ್ಧ ಕವಿಯಾಗುವ ಐತಿಹ್ಯದ ಈ ಪಾತ್ರ ಒಂದೇ ಕಂಠದಿಂದ ಎರಡು ಸ್ಥಿತಿಗಳನ್ನು ಬೇಡುವಂಥದು. ಗಾಯಕನೂ ನಟನೂ ಒಬ್ಬನೇ ಆದಾಗ ಆ ಬದಲಾವಣೆಗೆ ಸಿಗುವ ಬಲ ಬೇರೆ. 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಅವರದು ಬಸವಣ್ಣನ ಪಾತ್ರ.

ಅಷ್ಟರಲ್ಲಿ ಹಿನ್ನೆಲೆ ಗಾಯನ ನೆಲೆಯೂರಿತ್ತು. ಗುಬ್ಬಿ ಕಂಪನಿಯಲ್ಲಿಯೇ ಬೆಳೆದ ರಾಜಕುಮಾರ್ 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕರಾದಾಗ ಅವರಿಗಾಗಿ ಹಾಡಿದವರು ಸಿ.ಎಸ್. ಜಯರಾಮನ್. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಈ ವಿಭಜನೆ ಗಾಯಕನಟರ ಯುಗವನ್ನು ಮುಗಿಸಿತು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದನ್ನು ಹೊಸ ಆರಂಭವೆನ್ನುವುದಕ್ಕಿಂತ ಗುಬ್ಬಿಯ ಹಳೆಯ ಕ್ರಮದ ಮರುಪ್ರವೇಶವೆನ್ನುವುದು ಹೆಚ್ಚು ಸಮಂಜಸ. ಅದೇ ಕಂಪನಿಯಲ್ಲಿ ಬಾಲ್ಯ ಕಳೆದ ಬಿ.ವಿ. ಕಾರಂತರು ಆಧುನಿಕ ರಂಗಭೂಮಿಗೆ ಹಾಡನ್ನು ಮರಳಿ ತಂದದ್ದೂ ಇದೇ ದಾರಿಯ ಇನ್ನೊಂದು ಕವಲು.

ತುಮಕೂರು ಜಿಲ್ಲೆಯಲ್ಲಿ ಈ ಪರಂಪರೆ ಪೂರ್ತಿ ಮರೆಯಾಗಿಲ್ಲ. ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಂದ ಕಲಿತು 'ಕುರುಕ್ಷೇತ್ರ' ಆಡುವ ರೈತರು, ನೌಕರರು ಇಂದಿಗೂ ಇದ್ದಾರೆ. ತುಮಕೂರು ನಗರದಲ್ಲಿ ವೀರಣ್ಣನವರ ಹೆಸರಿನ ರಂಗಮಂದಿರವಿದೆ. ರಾಗದ ಹೆಸರರಿಯದೆಯೂ ರಾಗ ತಪ್ಪದೆ ಹಾಡುವ ಈ ಕಲಾವಿದರಿಗೆ ಆ ವಿದ್ಯೆ ಬಂದದ್ದು ಸಂಗೀತ ಸಭೆಗಳಿಂದಲ್ಲ, ಕಂಪನಿ ನಾಟಕಗಳಿಂದ. ಹೊನ್ನಪ್ಪ ಭಾಗವತರಂಥವರನ್ನು ಶಾಸ್ತ್ರೀಯ ಗಾಯಕರೆಂದು ಕರೆಯಲು ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ: ಅವರು ಶಾಸ್ತ್ರವನ್ನು ಟಿಕೆಟಿನ ನೆಲಕ್ಕೆ ತಂದರು, ಅಲ್ಲಿ ಅದು ಊರಿನ ಸೊತ್ತಾಯಿತು. ಇನ್ನು ಸಂಶೋಧಕರು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಉಳಿದಿರುವ ಧ್ವನಿಮುದ್ರಿಕೆ ಹಾಗೂ ಚಿತ್ರಪ್ರತಿಗಳಿಂದ ರಂಗಗೀತೆಗಳಿಗೆ ಸ್ವರಪ್ರಸ್ತಾರ ಸಿದ್ಧಪಡಿಸಬೇಕು. ಹಳ್ಳಿಯ ಮೇಷ್ಟ್ರುಗಳ ಪಾಠಾಂತರವನ್ನು ಅವರು ಇರುವಾಗಲೇ ದಾಖಲಿಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು.