ಸೊಲ್ಲು ಹೇಳುವವರ ಹಡಗು

ಕಾಲೇಜು ದಿನಗಳಲ್ಲಿ ಎರಡು ವರ್ಷ ನಾನು ಯುವಜನೋತ್ಸವದ ಜನಪದ ಗೀತೆಯ ತಂಡದಲ್ಲಿದ್ದೆ. ನನ್ನ ಜಾಗ ಹಿಂದಿನ ಸಾಲು, ನನ್ನ ಕೆಲಸ ಸೊಲ್ಲು ಹೇಳುವುದು. ಅಭ್ಯಾಸ ನೋಡಲು ಬಂದ ಮೇಷ್ಟ್ರೊಬ್ಬರು ‘ಹಿಂದಿನವರು ಸ್ವಲ್ಪ ತಗ್ಗಿಸ್ರಪ್ಪಾ, ಮೇನ್ ಸಿಂಗರ್ ಕೇಳಿಸ್ತಿಲ್ಲ’ ಎಂದು ಮೈಕನ್ನು ನಮ್ಮಿಂದ ದೂರಕ್ಕೆ ಇಡಿಸಿದರು. ಆ ವರ್ಷ ನಮಗೆ ಬಹುಮಾನವೂ ಬಂತು. ಆದರೆ ವೇದಿಕೆ ಹತ್ತಿದ ಜನಪದ ಹಾಡು ಸತ್ತ ಹಾಡು ಎಂಬ ಅಭಿಪ್ರಾಯ ಅಂದೇ ನನ್ನೊಳಗೆ ಗಟ್ಟಿಯಾಯಿತು. ಅದನ್ನು ಮತ್ತೆ ಪರೀಕ್ಷಿಸಿಕೊಳ್ಳುವಂತೆ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಹಡಗು.

ಅಲ್ಲಿನ ಹೈಡ್ ಸ್ಟ್ರೀಟ್ ಪಿಯರ್‌ನಲ್ಲಿ ಕಟ್ಟಿಹಾಕಿದ್ದ ‘ಬಾಲ್‌ಕ್ಲೂಥಾ’ 1886ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದ ಮೂರು ಕಂಬಗಳ ಉಕ್ಕಿನ ಹಾಯಿಹಡಗು. ಕ್ಯಾಲಿಫೋರ್ನಿಯಾದ ಗೋಧಿಯನ್ನು ಯುರೋಪಿಗೆ ಸಾಗಿಸುತ್ತಾ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು 17 ಸಲ ಸುತ್ತಿ ಬಂದದ್ದು. ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯವರು ಅದನ್ನು ನೋಡಿಕೊಳ್ಳುತ್ತಾರೆ. ಅವರು ದಶಕಗಳ ಕಾಲ ತಿಂಗಳಿಗೊಂದು ಶನಿವಾರ ಸಂಜೆ ಅಲ್ಲಿ ನಾವಿಕರ ಹಾಡುಗಳ ಕೂಟ ನಡೆಸುತ್ತಿದ್ದರು. ಶಾಂಟಿ ಎಂದು ಈ ಹಾಡುಗಳ ಹೆಸರು. ಟಿಕೆಟ್ ಇರಲಿಲ್ಲ. ಮೊದಲೇ ಹೆಸರು ಬರೆಸಬೇಕಿತ್ತು, ಬಿಸಿ ಸೇಬಿನ ಪಾನಕ ಕುಡಿಯಲು ನಮ್ಮ ಲೋಟ ನಾವೇ ಒಯ್ಯಬೇಕಿತ್ತು, ಅಷ್ಟೆ. ಕೊರೋನಾಕ್ಕೂ ಮುಂಚೆ, ಅಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಸ್ಟೀಲ್ ಲೋಟ ಕೈಗಿಟ್ಟು ನನ್ನನ್ನು ಕರೆದುಕೊಂಡು ಹೋಗಿದ್ದ.

ನಾನು ಕಛೇರಿಯೊಂದನ್ನು ನಿರೀಕ್ಷಿಸಿದ್ದೆ. ವೇದಿಕೆಯೂ ಇರಲಿಲ್ಲ, ಮೈಕೂ ಇರಲಿಲ್ಲ. ಉದ್ಯಾನದ ಸಿಬ್ಬಂದಿಯೊಬ್ಬರು ಒಂದು ಹಾಡು ಎತ್ತಿಕೊಂಡರು. ಅದು ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಅಜ್ಜ, ಆಮೇಲೆ ಸಾಫ್ಟ್‌ವೇರ್ ಕಂಪನಿಯ ಟೀ ಶರ್ಟ್ ತೊಟ್ಟ ಹುಡುಗಿ, ಹೀಗೆ ಯಾರು ಬೇಕಾದರೂ ಎತ್ತಿಕೊಳ್ಳುತ್ತಿದ್ದರು. ಕೆಲವರ ಶ್ರುತಿ ಸರಿಯಿರಲಿಲ್ಲ. ಒಬ್ಬರು ಮೂರನೇ ನುಡಿ ಮರೆತರು, ಪಕ್ಕದವರು ಹೇಳಿಕೊಟ್ಟರು. ಆದರೆ ಪ್ರತಿ ಸಾಲಿನ ಕೊನೆಗೆ ನೂರಾರು ಕೊರಳಿನ ಸೊಲ್ಲು ಎದ್ದಾಗ ಕೂತ ಬೆಂಚು ಅದುರುತ್ತಿತ್ತು. ನಾಲ್ಕನೆಯ ಹಾಡಿನ ಹೊತ್ತಿಗೆ, ಅರ್ಥ ಪೂರ್ತಿ ತಿಳಿಯದಿದ್ದರೂ, ನಾನೂ ಹೇಳುತ್ತಿದ್ದೆ.

ಈ ಹಾಡುಗಳ ಕಟ್ಟೋಣವೇ ಹಾಗಿದೆ. ಒಬ್ಬ ಒಂದು ಸಾಲು ಎಸೆಯುತ್ತಾನೆ, ಉಳಿದವರು ಹಿಡಿಯುತ್ತಾರೆ. ಹಾಯಿ ಏರಿಸುವಾಗ ಹಗ್ಗವನ್ನು ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಬೇಕು. ಸೊಲ್ಲಿನ ಇಂಥ ಪದಕ್ಕೆ ಜಗ್ಗು ಎಂಬುದು ಹಾಡಿನಲ್ಲೇ ಅಡಗಿರುತ್ತದೆ. ಲಂಗರು ಎತ್ತುವುದು ಬೇರೆ ರೀತಿಯ ಕೆಲಸ. ಅಲ್ಲಿ ತಿರುಗಣೆಯ ಸುತ್ತ ನಿಲ್ಲದೆ ನಡೆಯಬೇಕು, ಹಾಗಾಗಿ ಆ ಹಾಡುಗಳಲ್ಲಿ ನಡಿಗೆಯ ಲಯವಿದೆ, ನುಡಿಗಳೂ ಹೆಚ್ಚು. ಕೆಲಸ ಬೇಗ ಮುಗಿದರೆ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು, ಮುಗಿಯದಿದ್ದರೆ ಹಾಡುಗಾರ ಹೊಸ ಸಾಲು ಹೊಸೆಯುತ್ತಿದ್ದ. ನಮ್ಮ ಕರಾವಳಿಯ ‘ಐಲೇಸಾ’ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೊಲ್ಲು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಸೊಲ್ಲು ನಿಂತರೆ ಹಾಯಿ ಏರುವುದಿಲ್ಲ.

ಹಾಗಾದರೆ ಜಗ್ಗಲು ಹಗ್ಗವೇ ಇಲ್ಲದ ಸಂಜೆಯಲ್ಲಿ ಈ ಸೊಲ್ಲು ಏನು ಮಾಡುತ್ತಿದೆ? ಉಗಿಯಂತ್ರ ಬಂದ ಮೇಲೆ ಶಾಂಟಿಗಳ ಕೆಲಸ ಮುಗಿಯಿತು. ಲೋಟ ಹಿಡಿದು ಬೆಚ್ಚಗೆ ಕೂತವರು ಚಳಿಯಲ್ಲಿ ಬೆರಳು ಮರಗಟ್ಟಿದವರ ಹಾಡನ್ನು ಹಾಡುವುದರಲ್ಲಿ ಒಂದು ಸುಳ್ಳು ಇಲ್ಲವೇ ಎಂದು ಅಂದು ರಾತ್ರಿಯೇ ಗೆಳೆಯನೊಂದಿಗೆ ವಾದಿಸಿದ್ದೆ. ನನಗೆ ಉತ್ತರ ಸಿಕ್ಕಿದ್ದು ಬಹಳ ಆಮೇಲೆ, ಬೆಂಗಳೂರಿನಲ್ಲಿ.

2020ರಲ್ಲಿ ಕೂಟ ಜೂಮ್‌ಗೆ ಬಂತು. ಅಲ್ಲಿನ ಶನಿವಾರ ಸಂಜೆ ನನಗೆ ಭಾನುವಾರ ಬೆಳಿಗ್ಗೆ. ಅಂತರ್ಜಾಲದಲ್ಲಿ ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟಲು ಅರೆಕ್ಷಣವಾದರೂ ತಡವಾಗುತ್ತದೆ. ಎಲ್ಲರೂ ಬಾಯಿ ತೆರೆದರೆ ಬರೀ ಗದ್ದಲ. ಆದ್ದರಿಂದ ಎತ್ತಿಕೊಂಡವರ ಮೈಕು ಮಾತ್ರ ತೆರೆದಿರುತ್ತಿತ್ತು, ಉಳಿದವರದು ಬಂದ್. ಸಾಲಿನ ಕೊನೆಗೆ ನಾನು ಸೊಲ್ಲು ಹೇಳುತ್ತಿದ್ದೆ. ಪರದೆಯಲ್ಲಿ ಹತ್ತಾರು ಬಾಯಿಗಳು ಅಲುಗಾಡುತ್ತಿದ್ದವು, ಕೇಳುತ್ತಿದ್ದದ್ದು ನನ್ನ ದನಿಯೊಂದೇ. ಅಡುಗೆಮನೆಯಿಂದ ಅಮ್ಮ, ‘ಯಾರ್ ಜೊತೆ ಹಾಡ್ತಿದೀಯೋ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹಾಡುಗಾರರು ಹಡಗಿನಲ್ಲಿ ಕೇಳಿದವರಿಗಿಂತ ಕಡಿಮೆಯವರೇನಲ್ಲ. ನುಡಿಗಳೂ ಅವೇ. ಆದರೂ ನಮ್ಮ ಯುವಜನೋತ್ಸವದ ವೇದಿಕೆ ನನಗೆ ನೆನಪಾಯಿತು. ಅಲ್ಲಿ ಮೇಷ್ಟ್ರು ಮೈಕು ಸರಿಸಿ ಮಾಡಿದ್ದನ್ನು ಇಲ್ಲಿ ತಂತ್ರಜ್ಞಾನ ಮಾಡಿತ್ತು. ಜನಪದ ಹಾಡನ್ನು ಕೊಲ್ಲುವುದು ವೇದಿಕೆ ಎಂದುಕೊಂಡಿದ್ದೆ. ಕೊಲ್ಲುವುದು ಕೇಳುಗನನ್ನು ಬರೀ ಕೇಳುಗನನ್ನಾಗಿ ಕೂರಿಸುವ ಏರ್ಪಾಡು. ಅದು ವೇದಿಕೆಯಿಲ್ಲದೆಯೂ ಆಗಬಹುದು. ಹಡಗಿನ ಸಂಜೆಯಲ್ಲಿ ಕೆಲಸ ಹೋಗಿದ್ದರೂ ಕೆಲಸ ಕಲಿಸಿದ ಒಂದು ಪಾಠ ಉಳಿದಿದೆ: ಪಕ್ಕದವನ ಉಸಿರಿಗೆ ಕಾದು, ಅವನೊಂದಿಗೆ ದನಿ ಎತ್ತುವುದು. 2021ರ ಜನವರಿಯಲ್ಲಿ ‘ವೆಲ್ಲರ್‌ಮನ್’ ಎಂಬ ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಗಾರರ ಹಾಡು ಟಿಕ್‌ಟಾಕ್‌ನಲ್ಲಿ ಹಬ್ಬಿದ್ದು ಕೂಡ ಹೀಗೆಯೇ. ಒಬ್ಬನ ಹಾಡಿಗೆ ಊರೂರಿನವರು ತಮ್ಮ ದನಿಯನ್ನು ಒಂದರ ಮೇಲೊಂದು ಸೇರಿಸುತ್ತಾ ಹೋದರು. ಕಟ್ಟುನಿಟ್ಟಾಗಿ ಹೇಳಿದರೆ ಅದು ಶಾಂಟಿಯಲ್ಲ, ಕಥನಗೀತೆ. ಆದರೆ ಜನ ಹುಡುಕಿದ್ದು ಸೊಲ್ಲನ್ನು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಎಲ್ಲರೂ ಸೇರಿ ಹೇಳುವ ಸೊಲ್ಲಿಗೆ ಒಂದು ಅಪಾಯವಿದೆ. ನಾವೆಲ್ಲ ಒಂದೇ ಎಂಬ ಹಿತವಾದ ಭಾವ ಅದರಲ್ಲಿ ಬಲುಬೇಗ ಹುಟ್ಟುತ್ತದೆ. ಬಾಲ್‌ಕ್ಲೂಥಾದ ಕಥೆ ಅಷ್ಟು ಹಿತವಾದದ್ದಲ್ಲ. 1904ರಲ್ಲಿ ಅಲಾಸ್ಕಾದ ಬಳಿ ಬಂಡೆಗೆ ತಗುಲಿ ನಿಂತ ಅದನ್ನು ಅಲ್ಲಿನ ಮೀನು ಡಬ್ಬಿ ಉದ್ಯಮದವರು 500 ಡಾಲರಿಗೆ ಕೊಂಡು, ‘ಸ್ಟಾರ್ ಆಫ್ ಅಲಾಸ್ಕಾ’ ಎಂದು ಹೆಸರಿಟ್ಟು 1930ರವರೆಗೆ ದುಡಿಸಿದರು. ಪ್ರತಿ ವಸಂತದಲ್ಲಿ ಸಾಲ್ಮನ್ ಮೀನಿನ ಡಬ್ಬಿ ಕಾರ್ಖಾನೆಗಳಿಗೆ ಕೂಲಿಗಳನ್ನು ತುಂಬಿಕೊಂಡು ಅದು ಉತ್ತರಕ್ಕೆ ಹೋಗುತ್ತಿತ್ತು. ಗುತ್ತಿಗೆದಾರರ ಮೂಲಕ ಬಂದ ಚೀನೀಯರು, ಮುಂದೆ ಜಪಾನೀಯರು, ಮೆಕ್ಸಿಕನ್ನರು, ಫಿಲಿಪಿನೋಗಳು ಇಂಥ ಹಡಗುಗಳ ಒಳಅಟ್ಟದಲ್ಲಿ ಇಕ್ಕಟ್ಟಾಗಿ ಮಲಗುತ್ತಿದ್ದರು. ಅವರೂ ಹಾಡಿರಬೇಕಲ್ಲ? ನಾನಿದ್ದ ಸಂಜೆ ಅವರ ಒಂದು ಹಾಡೂ ಬರಲಿಲ್ಲ.

ಇದು ಆ ಸಂಜೆಯ ಸಂಘಟಕರೊಬ್ಬರ ತಪ್ಪೂ ಅಲ್ಲ. ಸಂಗ್ರಹಕಾರರ ಕಿವಿ ಎತ್ತ ತಿರುಗಿತ್ತು ಎಂಬುದರ ಫಲ. ರಾಬರ್ಟ್ ವಿನ್‌ಸ್ಲೋ ಗಾರ್ಡನ್ 1920ರ ದಶಕದ ಆರಂಭದಲ್ಲಿ ಇದೇ ಕೊಲ್ಲಿಯ ದಂಡೆಯಲ್ಲಿ ಅಲೆದು ನಾವಿಕರ ಹಾಡುಗಳನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದರು. ಹಡಗಿನಲ್ಲೇ ಹುಟ್ಟಿದ ಜೊಆನಾ ಕೋಲ್ಕಾರ್ಡ್ 1924ರಲ್ಲಿ ತಮ್ಮ ಸಂಗ್ರಹ ತಂದರು. ಇವರ ಉಪಕಾರ ದೊಡ್ಡದು. ಆದರೆ ಅವರಂಥವರು ಹುಡುಕಿದ್ದು ಹಾಯಿ ಏರಿಸುವವರ ಹಾಡು. ಹಾಗೆ ಉಳಿದ ಹಾಡುಗಳಲ್ಲೂ ಅನೇಕ ಸೊಲ್ಲುಗಳು ಅಮೆರಿಕದ ದಕ್ಷಿಣದ ಬಂದರುಗಳಲ್ಲಿ ಹತ್ತಿಯ ಮೂಟೆ ತುರುಕುತ್ತಿದ್ದ ಕಪ್ಪು ಕೂಲಿಗಳಿಂದ ಬಂದವು. ಅದನ್ನು ಅಂದು ಒಬ್ಬ ಹಾಡುಗಾರ ಎರಡು ವಾಕ್ಯದಲ್ಲಿ ಹೇಳಿ ಹಾಡು ಎತ್ತಿಕೊಂಡ. ಆ ಎರಡು ವಾಕ್ಯದಿಂದ ಹಾಡಿನ ಸಂತೋಷ ಕಡಿಮೆಯಾಗಲಿಲ್ಲ. ನಮ್ಮ ಸೊಲ್ಲು ಸ್ವಲ್ಪ ತಗ್ಗಿತು, ಆಮೇಲೆ ಮತ್ತೆ ಏರಿತು.

ಮೀನು ಕಾರ್ಖಾನೆಗೆ ಹೋದವರ ಬಗ್ಗೆಯೂ ಯಾರಾದರೂ ಹಾಗೆ ಎರಡು ವಾಕ್ಯ ಹೇಳಬೇಕು. ಅವರ ಹಾಡು ಸಿಕ್ಕದಿದ್ದರೆ ಅಷ್ಟು ಹೊತ್ತು ಎಲ್ಲರೂ ಸುಮ್ಮನಿರಲಿ. ಸೊಲ್ಲು ಹೇಳುವುದನ್ನು ಕಲಿತವರಿಗೆ ಯಾರ ದನಿ ಕೇಳುತ್ತಿಲ್ಲ ಎಂಬುದು ಗೊತ್ತಾಗಬೇಕು. ಹಿಂದಿನ ಸಾಲಿನಲ್ಲಿ ನಿಂತು, ಮೈಕು ದೂರ ಸರಿಯುವುದನ್ನು ನೋಡಿದವನಾಗಿ ಇಷ್ಟನ್ನಾದರೂ ನಾನು ಕೇಳಬಹುದು ಅನಿಸುತ್ತದೆ.