ಬದುಕಿರುವವನ ಮರಣಪತ್ರ

'ತಿಥಿ' ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ 2016ರ ಮೇ ತಿಂಗಳಲ್ಲಿ, ಅದು ಬಿಡುಗಡೆಯಾದ ವಾರವೇ, ಮೈಸೂರಿನಲ್ಲಿ ಹಾಸ್ಟೆಲಿನ ಗೆಳೆಯರ ಜೊತೆ. ಎರಡನೇ ಸಲ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನ ಮನೆಯಲ್ಲಿ, ದೊಡ್ಡಪ್ಪನ ಪಕ್ಕ ಕೂತು. ಮೊದಲ ಸಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಎರಡನೇ ಸಲ, ತಮ್ಮಣ್ಣ ಬದುಕಿರುವ ಅಪ್ಪನ ಹೆಸರಿಗೆ ಮರಣಪತ್ರ ಮಾಡಿಸಲು ಓಡಾಡುವ ಹೊತ್ತಿಗೆ, ದೊಡ್ಡಪ್ಪ ಬೀಡಿ ಆರಿಸಿ, "ಇದ್ರಲ್ ನಗೋಕೇನದೆ ಕಣ್ಲಾ?" ಅಂದರು.

ನಮ್ಮ ಹೊಗೆಸೊಪ್ಪಿನ ಹೊಲದ ಪಹಣಿಯಲ್ಲಿ ಇಂದಿಗೂ ಮುತ್ತಾತನ ಹೆಸರೇ ಇದೆ. ಪೌತಿ ಖಾತೆಗೆ ವಂಶವೃಕ್ಷ ಬೇಕು, ಸತ್ತವರೆಲ್ಲರ ಮರಣಪತ್ರ ಬೇಕು. ಮುತ್ತಾತ ಸತ್ತಾಗ ಯಾರೂ ಅದನ್ನು ಬರೆಸಿರಲಿಲ್ಲ. ದೊಡ್ಡಪ್ಪ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ವರ್ಷಗಟ್ಟಲೆ ಅಲೆದಿದ್ದಾರೆ. ಅವರಿಗೆ ತಮ್ಮಣ್ಣ ಹಾಸ್ಯಪಾತ್ರವಲ್ಲ. ಕಚೇರಿಯ ಸಾಲಿನಲ್ಲಿ ತಮ್ಮ ಮುಂದೆ ನಿಂತ ಇನ್ನೊಬ್ಬ.

ಸಿನಿಮಾದ ಕಥೆ ಸರಳ. ನೂರಾ ಒಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತ ಕೂತಿದ್ದವನು ಎದ್ದು ಹೋಗಿ ಸತ್ತುಬೀಳುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಗಡಿಬಿಡಿಯೇ ಚಿತ್ರ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ, ಅವನ ಪಾಡಿಗೆ ಬ್ರಾಂದಿ ಕುಡಿಯುತ್ತ ಹೊಲಗದ್ದೆ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರಬೇಕಿದೆ. ಜಮೀನು ತಾತನಿಂದ ಅಪ್ಪನಿಗೆ, ಅಪ್ಪನಿಂದ ತನಗೆ ಬರಬೇಕು. ಅಪ್ಪ ಜಗ್ಗುವುದಿಲ್ಲ. ಹಾಗಾಗಿ ತಮ್ಮಣ್ಣ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಸತ್ತವನು ದೂರ ಹೋಗದೆ ಕುರುಬರ ಹಟ್ಟಿ ಸೇರಿಕೊಳ್ಳುತ್ತಾನೆ.

ತಮ್ಮಣ್ಣ ಕೆಟ್ಟವನೆಂದು ಚಿತ್ರ ಒಂದು ಕಡೆಯೂ ಹೇಳುವುದಿಲ್ಲ. ಅವನ ಮೈಮೇಲೆ ಬಡ್ಡಿ ಸಾಲವಿದೆ, ಊರಿಗೆಲ್ಲ ಊಟ ಹಾಕಬೇಕಿದೆ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಯಾವ ಕಡೆಯೇ ಆಗಲಿ, ತಿಥಿಯ ಬಾಡೂಟ ಕಮ್ಮಿಯಾದರೆ ಸತ್ತವನಿಗಿಂತ ಇದ್ದವನ ಮಾನ ಹೋಗುತ್ತದೆ. ಅಳುವ ಹೊತ್ತಿನಲ್ಲೇ ಕುರಿಯ ರೇಟು ವಿಚಾರಿಸಬೇಕು. ಇದಕ್ಕಿಂತ ಕರಾಳವಾದ ಹಾಸ್ಯವನ್ನು ಬೇರೆ ಕಡೆಯಿಂದ ತರಬೇಕಾಗಿಲ್ಲ.

ನಿರ್ದೇಶಕ ರಾಮ್ ರೆಡ್ಡಿ ಹಳ್ಳಿಯವರಲ್ಲ. ಹಳ್ಳಿ ಬಂದದ್ದು ಜೊತೆಗೆ ಬರೆದ ಈರೇಗೌಡರಿಂದ. ಚಿತ್ರ ತಯಾರಾದದ್ದು ಪಕ್ಕದ ಮಂಡ್ಯ ಜಿಲ್ಲೆಯ ಅವರ ಊರು ನೊದೆಕೊಪ್ಪಲಿನ ಸುತ್ತಮುತ್ತ, ಅಲ್ಲಿನ ಜನರನ್ನೇ ಇಟ್ಟುಕೊಂಡು. ಗಡ್ಡಪ್ಪನಾದ ಚನ್ನೇಗೌಡರು, ಸೆಂಚುರಿ ಗೌಡನಾದ ಸಿಂಗ್ರಿಗೌಡರು ಅದಕ್ಕೂ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಬಂತು, ಆಮೇಲೆ ರಾಷ್ಟ್ರಪ್ರಶಸ್ತಿಯೂ. ಅದರ ಬೆನ್ನಿಗೇ ಇದೇ ಇಬ್ಬರನ್ನು ಹಾಕಿಕೊಂಡು 'ತರ್ಲೆ ವಿಲೇಜ್' ಬಂತು. ಎರಡನ್ನೂ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಮುದುಕರು ನಮ್ಮನ್ನು ನಗಿಸಲೆಂದೇ ಮಾತಾಡುತ್ತಾರೆ. 'ತಿಥಿ'ಯಲ್ಲಿ ಯಾರೂ ನಗಿಸಲು ಹೊರಟವರಲ್ಲ, ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ.

ಸಾವಿನ ಲೆಕ್ಕವನ್ನು ನಮ್ಮ ಸಿನಿಮಾ ಮೊದಲೂ ಬರೆದಿದೆ. ಹೆಸರಿನಲ್ಲೇ ನಮ್ಮ ಕಡೆಯ ಊರನ್ನು ಹೊತ್ತಿದ್ದ ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' (1965) ನೆನಪಿಸಿಕೊಳ್ಳಿ. ಅದನ್ನು ನಾವು ಭಕ್ತಿಯಿಂದ, ಕಣ್ಣೀರಿಟ್ಟು ನೋಡುತ್ತೇವೆ. ಆದರೆ ಎಂ.ಪಿ. ಶಂಕರ್ ಅವರ ವೀರಬಾಹು ಸುಡುಗಾಡಿನಲ್ಲಿ ಕುಣಿಯುವುದು, ನರಸಿಂಹರಾಜು ಅವರ ನಕ್ಷತ್ರಿಕ ಸಾಲ ವಸೂಲಿಗೆ ಬೆನ್ನು ಬೀಳುವುದು, ಕೊನೆಗೆ ಗಂಡನೇ ಹೆಂಡತಿಯ ಹತ್ತಿರ ಸ್ವಂತ ಮಗನ ಹೆಣ ಸುಡಲು ಸುಂಕ ಕೇಳುವುದು! ನಿಯಮ ಪಾಲಿಸುವವನ ಕ್ರೌರ್ಯವನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರ ಕಡಿಮೆ. ಪೌರಾಣಿಕವೆಂಬ ಹಣೆಪಟ್ಟಿಯಿಂದ ಅದು ನಮ್ಮ ಕಣ್ಣು ತಪ್ಪಿಸಿಕೊಂಡಿದೆ, ಅಷ್ಟೇ.

ಅನಂತನಾಗ್ ಅವರ 'ಉದ್ಭವ' (1990) ಇದೇ ಸಾಲಿನ ಹಗುರ ಚಿತ್ರ. ರಸ್ತೆ ಅಗಲೀಕರಣ, ರಾತ್ರೋರಾತ್ರಿ ಮೂಡುವ ಗಣಪ, ಅದರ ಹಿಂದಿನ ವ್ಯವಹಾರ. ಈಗಲೂ ಚುರುಕಾಗಿದೆ, ನೋಡಿ. ಆದರೆ ಕಾಸರವಳ್ಳಿಯವರ 'ತಬರನ ಕಥೆ'ಯನ್ನು (1986) 'ತಿಥಿ'ಯ ಜೊತೆಗೇ ನೋಡಬೇಕೆಂದು ನಾನು ಹಠ ಹಿಡಿಯುತ್ತೇನೆ. ಅದು ಹಾಸ್ಯಚಿತ್ರವೇ ಅಲ್ಲ ಎನ್ನುವಿರಿ. ಜೀವನವಿಡೀ ಸರ್ಕಾರದ ಜವಾನನಾಗಿದ್ದವನು ಪಿಂಚಣಿಗಾಗಿ ಅದೇ ಸರ್ಕಾರದ ಮೇಜುಗಳ ನಡುವೆ ಸುತ್ತುವುದರಲ್ಲಿ ವ್ಯಂಗ್ಯ ಪೂರ್ತಿ ಇದೆ. ಕೊಳೆಯುತ್ತಿರುವ ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ತಬರ ಕಟುಕನನ್ನು ಕೇಳುವಾಗ ಆ ವ್ಯಂಗ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಡತ ಮನುಷ್ಯನಿಗಿಂತ ದೊಡ್ಡದಾದ ಊರಿನಲ್ಲಿ ತಬರ ಹುಚ್ಚನಾದ, ತಮ್ಮಣ್ಣ ಅಡ್ಡದಾರಿ ಹಿಡಿದ.

'ತಿಥಿ'ಯ ಮೇಲೆ ನನ್ನದೊಂದು ತಕರಾರಿದೆ. ತಮ್ಮಣ್ಣನ ಮಗ ಅಭಿ ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಸುತ್ತುವುದನ್ನು ಚಿತ್ರ ತೀರ ಸಲೀಸಾಗಿ ತೋರಿಸಿಬಿಡುತ್ತದೆ. ಅಪ್ಪ, ತಾತ, ಮುತ್ತಾತರನ್ನು ಇಷ್ಟು ಒಳಗಿನಿಂದ ಕಂಡ ಕಣ್ಣು ಅವಳನ್ನು ಅಭಿಯ ಕಣ್ಣಿನಿಂದ ಮಾತ್ರ ಕಾಣುತ್ತದೆ. ಖಾತೆ, ತಿಥಿ, ಕುರಿ ಎಲ್ಲವೂ ಗಂಡಸರ ಲೆಕ್ಕ; ಹೆಂಗಸರ ಪಾಲಿಗೆ ಒಲೆ. ಊರು ಇರುವುದೇ ಹಾಗೆ ಎನ್ನಬಹುದು. ಊರನ್ನು ಇಷ್ಟು ಚೆನ್ನಾಗಿ ಲೇವಡಿ ಮಾಡಬಲ್ಲ ಚಿತ್ರ ಆ ಜಾಗದಲ್ಲೇ ಸುಮ್ಮನಾಯಿತಲ್ಲ ಎಂಬುದು ನನ್ನ ಬೇಸರ.

ದೊಡ್ಡಪ್ಪ ಅವತ್ತು ಕೊನೆಯವರೆಗೂ ಕೂತು ನೋಡಿದರು. ಒಂದೇ ಸಲ ನಕ್ಕರು, ಅದೂ ಗಡ್ಡಪ್ಪ ಸುಮ್ಮನೆ ನಡೆದುಹೋಗುವಾಗ. ಮಾರನೆಯ ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ತುರುಕುತ್ತ, ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕೇಳಿದರು: "ಆ ತಮ್ಮಣ್ಣ ಮಾಡಿಸ್ದ್ನಲ್ಲ ಮಗ ಆ ಕಾಗ್ದ, ಅದ್ಕೆ ಎಷ್ಟು ಬಿತ್ತಂತೆ?"